ಹಳೆಯ ಕೊಡಲಿಯನ್ನು ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

ಪ್ರತಿವರ್ಷ ಖಂಡೇಪೂಜೆಯ, ಅಂದರೆ ಮಹಾನವಮಿಯ ಆಯುಧಪೂಜೆಯ, ವಾರದಲ್ಲಿ ನನ್ನ ಮೊಬೈಲಿಗೆ ಕೊಡಲಿಗಳ ಫೋಟೋಗಳು ಬರತೊಡಗುತ್ತವೆ. ಪೂಜೆಗೆಂದು ಅಟ್ಟದಿಂದ ಇಳಿಸಿದ್ದು, ದನದ ಕೊಟ್ಟಿಗೆಯ ಮೂಲೆಯಲ್ಲಿ ಸಿಕ್ಕಿದ್ದು, ಹಳೆಯ ಮಣ್ಣಿನ ಗೋಡೆ ಕೆಡವುವಾಗ ಒಳಗಿನಿಂದ ಬಿದ್ದದ್ದು. ಫೋಟೋದ ಕೆಳಗೆ ಅವೇ ಮೂರು ಪ್ರಶ್ನೆಗಳು. ಇದು ಎಷ್ಟು ವರ್ಷದ್ದು? ಎಷ್ಟು ಬೆಲೆ ಬಂದೀತು? ತುಕ್ಕು ತೆಗೆಯುವುದು ಹೇಗೆ? ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸಿ ಸಾಕಾಗಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಮೂರನೆಯ ಪ್ರಶ್ನೆಗೆ ಮಾತ್ರ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. ಸದ್ಯಕ್ಕೆ ಏನನ್ನೂ ತೆಗೆಯಬೇಡಿ. ಕೊಡಲಿಯ ವಯಸ್ಸು, ಹುಟ್ಟು, ಅದು ಮಾಡಿದ ಕೆಲಸ ಎಲ್ಲವೂ ಆ ತುಕ್ಕಿನ ಕೆಳಗಿನ ಒಂದು ಕೂದಲೆಳೆಯಷ್ಟು ದಪ್ಪದಲ್ಲಿ ಬರೆದಿರುತ್ತದೆ. ಮೊದಲು ಅದನ್ನು ಓದಬೇಕು.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಹೆಚ್ಚಿನವರು ಇಂಗ್ಲಿಷ್ ಮುದ್ರೆ ಇರುವ ಕೊಡಲಿಗಾಗಿ ಹುಡುಕುತ್ತಾರೆ. ಮುದ್ರೆಯೇ ಇಲ್ಲದ, ಊರಿನ ಕಂಬಾರ ಬಡಿದ ಕೊಡಲಿಯನ್ನು ಗುಜರಿಗೆ ಹಾಕುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ತಲೆಕೆಳಗಾದ ಲೆಕ್ಕ. ವಿದೇಶಿ ಕಾರ್ಖಾನೆಯ ಕೊಡಲಿಗೆ ಅದರ ಕಂಪನಿಯ ಕ್ಯಾಟಲಾಗು ಇದೆ, ಅದರ ಜೋಡಿಗಳು ಜಗತ್ತಿನ ಹತ್ತಾರು ಕಡೆ ಇವೆ. ಹುನಗುಂದದ ಅಥವಾ ಇಂಡಿ ತಾಲ್ಲೂಕಿನ ಒಬ್ಬ ಕಂಬಾರನ ಕೈಕೆಲಸಕ್ಕೆ ಆ ಕಬ್ಬಿಣದ ತುಂಡನ್ನು ಬಿಟ್ಟರೆ ಬೇರೆ ದಾಖಲೆ ಎಲ್ಲಿದೆ?

ಮುಂದೆ ಪದೇಪದೇ ಬರುವ ಕೆಲವು ಶಬ್ದಗಳನ್ನು ಸ್ಪಷ್ಟ ಮಾಡಿಕೊಳ್ಳೋಣ. ಕೊಡಲಿಯ ಕಬ್ಬಿಣದ ಭಾಗವನ್ನು ತಲೆ ಎನ್ನುತ್ತೇನೆ. ಕಡಿಯುವ ಅಂಚು ಬಾಯಿ. ಮರದ ಹಿಡಿ ಕಾವು, ಕಾವು ಕೂರುವ ತೂತು ಕಣ್ಣು. ಕಣ್ಣಿನ ಎರಡು ಪಕ್ಕದ ಗೋಡೆಗಳು ಕೆನ್ನೆ. ಬಾಯಿಗೆ ಎದುರಾಗಿರುವ ದಪ್ಪ ಭಾಗ ಬೆನ್ನು. ಉಕ್ಕನ್ನು ಕೆಂಪಗೆ ಕಾಯಿಸಿ, ನೀರಿಗೋ ಎಣ್ಣೆಗೋ ಅದ್ದಿ, ಮತ್ತೆ ಸ್ವಲ್ಪ ಬಿಸಿ ತೋರಿಸಿ ಕೊಟ್ಟ ಗಡಸುತನ ಹದ. ಸವೆದ ಬಾಯಿಗೆ ಕುಲುಮೆಯಲ್ಲಿ ಹೊಸ ಉಕ್ಕು ಕೂರಿಸುವುದು ಬಾಯಿ ಹಾಕಿಸುವುದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಮೊಬೈಲಿನ ಟಾರ್ಚು, ಒಂದು ಭೂತಗನ್ನಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಉಕ್ಕಿನ ಅಳತೆಪಟ್ಟಿ, ಒಂದು ಸಣ್ಣ ಹೊಸ ಅರ, ಸೀಮೆಸುಣ್ಣ, ಸ್ವಲ್ಪ ಸೀಮೆಎಣ್ಣೆ, ವಿನೆಗರ್, ಹತ್ತಿ, ನುಣುಪಾದ ಉಜ್ಜುಕಾಗದ, ಹಿತ್ತಾಳೆ ತಂತಿಯ ಬ್ರಷ್, ಮತ್ತು ಒಂದು ನೋಟುಬುಕ್ಕು. ಕೊನೆಯದನ್ನು ಯಾರೂ ಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮೊದಲು ಅದನ್ನೇ ಕೊಳ್ಳಿ.

1. ಎಲ್ಲಿ ಹುಡುಕಬೇಕು

ಗುಜರಿ ಅಂಗಡಿ ಮೊದಲ ಜಾಗ. ಬೆಳಗಾವಿ ಕಡೆ ಅದನ್ನು ಭಂಗಾರ ಎಂದೂ ಕರೆಯುತ್ತಾರೆ. ಅಲ್ಲಿ ಕೊಡಲಿ ಕಬ್ಬಿಣದ ತೂಕಕ್ಕೆ ಸಿಗುತ್ತದೆ, ಆದರೆ ಅದು ಯಾವ ಊರಿನಿಂದ ಬಂತು ಎಂಬ ಮಾತು ಅಂಗಡಿಯ ಬಾಗಿಲಲ್ಲೇ ಸತ್ತಿರುತ್ತದೆ. ಎರಡನೆಯದು ಜಾತ್ರೆ ಮತ್ತು ದನದ ಸಂತೆಗಳು. ಸಂಕ್ರಮಣದ ಹೊತ್ತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯಂಥ ಕಡೆ ರೈತರು ನಾನಾ ಊರುಗಳಿಂದ ಬಂದಿರುತ್ತಾರೆ. ಕೊಡಲಿ ಸಿಗದಿದ್ದರೂ ಕೊಡಲಿಯ ಸುದ್ದಿ ಸಿಗುತ್ತದೆ. ರಸ್ತೆ ಬದಿಯಲ್ಲಿ ಬಿಡಾರ ಹೂಡಿ ಕುಲುಮೆ ಹಾಕುವ ಘಿಸಾಡಿಗಳ ಹತ್ತಿರವೂ ನಿಲ್ಲಿ. ಅವರ ಬಳಿ ಇರುವ ಮಾಲು ಹೆಚ್ಚಾಗಿ ಹೊಸದು, ಆದರೆ ಹಳೆಯ ಕೊಡಲಿಯನ್ನು ಹೇಗೆ ಮಾಡಿದ್ದಾರೆ ಎಂಬುದನ್ನು ಅವರು ಬೆರಳಾಡಿಸಿ ಹೇಳುವುದನ್ನು ಕೇಳಬೇಕು.

ಎಲ್ಲಕ್ಕಿಂತ ಒಳ್ಳೆಯ ಜಾಗವೆಂದರೆ ಮನೆಗಳು. ಅದರಲ್ಲೂ ಬಾಗಲಕೋಟೆ ಜಿಲ್ಲೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ ಸಾಮಾನಿನಲ್ಲಿ ನೇಗಿಲು, ಕುಂಟೆ, ಕೊಡಲಿ ಇದ್ದೇ ಇದ್ದವು. ಆ ಊರಿನ ಕಂಬಾರಸಾಲೆ ಇಂದು ನೀರಿನಡಿ ಇದೆ. ಅಲ್ಲಿ ಬಡಿದ ಕೊಡಲಿ ಮಾತ್ರ ಹಿತ್ತಲಲ್ಲಿ ಒಲೆಗೆ ಕಟ್ಟಿಗೆ ಸೀಳುತ್ತಿದೆ.

ಮನೆಗೆ ಹೋದಾಗ ಕೇಳುವ ಕ್ರಮವೊಂದಿದೆ. ಬೆಲೆಯಿಂದ ಮಾತು ಶುರು ಮಾಡಬೇಡಿ. "ಅಜ್ಜಾ, ಇದನ್ನು ಯಾವ ಕಂಬಾರರು ಬಡಿದರು? ಇದಕ್ಕೆ ಬಾಯಿ ಹಾಕಿಸಿದ್ದಿರಾ?" ಎಂದು ಕೇಳಿ. ಖಂಡೇಪೂಜೆಯ ದಿನ ನೋಡಲು ಹೋಗಬಹುದು, ಕೊಳ್ಳಲು ಹೋಗಬಾರದು. ಕುಂಕುಮ ಹಚ್ಚಿದ ಆಯುಧಕ್ಕೆ ಅಂದು ದರ ಕಟ್ಟುವುದು ಮನೆಯವರಿಗೆ ನೋವಾಗುವ ಮಾತು. ಪರಶುರಾಮ ಕೊಡಲಿ ತೊಳೆದನೆಂದು ಐಹೊಳೆಯ ಮಲಪ್ರಭೆಯ ದಂಡೆಯನ್ನು ತೋರಿಸುವ, ಅವನ ತಾಯಿ ರೇಣುಕೆಯನ್ನು ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನೆಂದು ಪೂಜಿಸುವ ನಾಡು ಇದು. ದೇವರ ಜಗಲಿಯ ಮೇಲೆ ಇಟ್ಟ ಕೊಡಲಿ ಕಂಡರೆ ಕೈಮುಗಿದು, ಅನುಮತಿ ಸಿಕ್ಕರೆ ಫೋಟೋ ತೆಗೆದುಕೊಂಡು ಬನ್ನಿ.

2. ಎಲ್ಲಿ ಕೈ ಹಾಕಬಾರದು

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಸಂಗ್ರಹಕ್ಕೆ ಇಳಿದವರು ತಿಳಿಯದೆ ತೊಂದರೆಗೆ ಸಿಲುಕುವುದು ಇಲ್ಲಿಯೇ.

ಕೃಷ್ಣಾ, ಮಲಪ್ರಭಾ ಬಯಲಿನಲ್ಲಿ ಮನುಷ್ಯ ಕಬ್ಬಿಣ ಕಾಣುವ ಮೊದಲೇ ನೆಲೆಸಿದ್ದ. ಹೊಲ ಉಳುವಾಗ ಅಂಗೈ ಗಾತ್ರದ, ಒಂದು ತುದಿ ನುಣ್ಣಗೆ ಮಸೆದ ಕಪ್ಪು ಕಲ್ಲು ಸಿಕ್ಕರೆ ಅದು ನವಶಿಲಾಯುಗದ ಕಲ್ಲಿನ ಕೊಡಲಿಯಾಗಿರಬಹುದು. ಅಂದರೆ ಕಲ್ಲನ್ನು ಉಜ್ಜಿ ಹರಿತ ಮಾಡಿ ಬಳಸುತ್ತಿದ್ದ, ಮೂರು ನಾಲ್ಕು ಸಾವಿರ ವರ್ಷ ಹಿಂದಿನ ಕಾಲದ್ದು. ಹಾಗೆಯೇ, ಕಣ್ಣೇ ಇಲ್ಲದ ಚಪ್ಪಟೆ ಕಬ್ಬಿಣದ ಕೊಡಲಿ, ಅದರ ಮೇಲೆ ಅಡ್ಡಡ್ಡ ಬಿಗಿದ ಕಬ್ಬಿಣದ ಪಟ್ಟಿಗಳು ಕಂಡರೆ ಅದು ಬೃಹತ್ ಶಿಲಾ ಸಮಾಧಿಗಳ ಕಾಲದ್ದಾಗಿರಬಹುದು. ಅಂಥ ಕಲ್ಲುಚಪ್ಪಡಿಯ ಸಮಾಧಿಗಳನ್ನು ಐಹೊಳೆಯ ಮೇಗುತಿ ಗುಡ್ಡದಲ್ಲಿ ಇಂದಿಗೂ ನೋಡಬಹುದು. ಇವೆರಡೂ ನಿಮ್ಮ ಸಂಗ್ರಹದ ವಸ್ತುಗಳಲ್ಲ. ಸಿಕ್ಕ ಜಾಗದಲ್ಲೇ ಬಿಟ್ಟು, ಫೋಟೋ ತೆಗೆದು, ತಹಶೀಲ್ದಾರರಿಗೆ ಅಥವಾ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ. ನೆಲದಡಿ ಸಿಕ್ಕ ನಿಧಿಯ ಬಗ್ಗೆ ಕರ್ನಾಟಕಕ್ಕೆ ತನ್ನದೇ ಕಾಯ್ದೆ ಇದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿ ಇಲ್ಲದೆ ಅಗೆಯುವುದು 1958ರ ಕಾಯ್ದೆಯ ಪ್ರಕಾರ ಅಪರಾಧ. ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ಬಾದಾಮಿ, ಪಟ್ಟದಕಲ್ಲಿನ ಸುತ್ತ ತಿರುಗುವ ಯೋಚನೆಯನ್ನೇ ಬಿಡಿ.

ಇನ್ನು 100 ವರ್ಷ ದಾಟಿದ ವಸ್ತುಗಳ ವಿಷಯ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ, ಕನಿಷ್ಠ 100 ವರ್ಷದಿಂದ ಇರುವ ಕಲೆ, ಕುಶಲಕೆಲಸದ ಅಥವಾ ಚಾರಿತ್ರಿಕ ಮಹತ್ವದ ವಸ್ತು ಪ್ರಾಚ್ಯವಸ್ತು ಎನ್ನಿಸಿಕೊಳ್ಳುತ್ತದೆ. ಅದರ ವ್ಯಾಪಾರ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಸಂಗ್ರಾಹಕರು ಅಂಚೆಯಲ್ಲಿ ಕಳಿಸಲು ಹೇಳಿದರೆ ಒಪ್ಪಿಕೊಳ್ಳುವ ಮುಂಚೆ ಇದನ್ನು ನೆನಪಿಡಿ.

ಗಂಡುಗೊಡಲಿ, ಅಂದರೆ ಯುದ್ಧಕ್ಕೆಂದೇ ಮಾಡಿದ ಕೊಡಲಿ, ಬೇರೆಯೇ ಜಾತಿ. ಮನೆ, ಕೃಷಿ ಅಥವಾ ಕೈಗಾರಿಕೆಯ ಕೆಲಸಕ್ಕಲ್ಲದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳು ಶಸ್ತ್ರಾಸ್ತ್ರ ನಿಯಮಗಳಡಿ ಬರುತ್ತವೆ. ಆದಿಲ್‌ಶಾಹಿ ಕಾಲದ್ದೆಂದು ಹೇಳಿ ವಿಜಯಪುರದಲ್ಲಿ ಯಾರಾದರೂ ಕೆತ್ತನೆಯ ಕೊಡಲಿ ತೋರಿಸಿದರೆ ಎರಡು ಕಾರಣಕ್ಕೆ ದೂರವಿರಿ. ನಿಜವಾದರೆ ಕಾನೂನಿನ ಪ್ರಶ್ನೆ, ನಕಲಿಯಾದರೆ ಹಣದ ಪ್ರಶ್ನೆ. ಅಂಥವನ್ನು ನೋಡುವ ಆಸೆ ಇದ್ದರೆ ಗೋಲಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಆಯುಧಗಳಿವೆ.

3. ಹೇಗೆ ಮಾಡಿದ್ದಾರೆ ಎಂದು ಓದಿ

ವಯಸ್ಸು ಹೇಳುವುದು ತುಕ್ಕಲ್ಲ, ಮಾಡಿದ ರೀತಿ. ಖಾನಾಪುರದ ಮಳೆಯಲ್ಲಿ ಒಂದೇ ವರ್ಷ ಹೊರಗೆ ಬಿದ್ದ ಹೊಸ ಕೊಡಲಿ ಶತಮಾನದಷ್ಟು ಹಳೆಯದಾಗಿ ಕಾಣುತ್ತದೆ. ಇಂಡಿ, ಸಿಂದಗಿಯ ಒಣಹವೆಯಲ್ಲಿ ಅಟ್ಟದ ಮೇಲಿದ್ದ ಅಜ್ಜನ ಕಾಲದ ಕೊಡಲಿ ಕರ್ರಗೆ, ಗಟ್ಟಿಯಾಗಿ ಉಳಿದಿರುತ್ತದೆ. ಕೊಟ್ಟಿಗೆಯಲ್ಲಿದ್ದದ್ದನ್ನು ದನದ ಗಂಜಳ ತಿಂದಿರುತ್ತದೆ.

ಹಳೆಯ ಕಾಲದಲ್ಲಿ ಉಕ್ಕು ದುಬಾರಿ, ಮೆದುಕಬ್ಬಿಣ ಅಗ್ಗ. ಹಾಗಾಗಿ ಕಂಬಾರ ಇಡೀ ತಲೆಯನ್ನು ಮೆದುಕಬ್ಬಿಣದಲ್ಲಿ ಮಾಡಿ, ಬಾಯಿಗೆ ಮಾತ್ರ ಉಕ್ಕು ಕೂರಿಸುತ್ತಿದ್ದ. ಪಟ್ಟಿಯೊಂದನ್ನು ಕಾಯಿಸಿ ಒಂದು ಸಲಾಕೆಯ ಸುತ್ತ ಬಗ್ಗಿಸಿದರೆ ಕಣ್ಣು ಮೂಡುತ್ತದೆ. ಎರಡು ತುದಿಗಳ ನಡುವೆ ಉಕ್ಕಿನ ತುಂಡಿಟ್ಟು, ಬೆಳ್ಳಗಾಗುವಷ್ಟು ಕಾಯಿಸಿ ಬಡಿದರೆ ಮೂರೂ ಒಂದಾಗುತ್ತವೆ. ಇದನ್ನೇ ಕುಲುಮೆ ಬೆಸುಗೆ ಎನ್ನುತ್ತೇನೆ. ಇದರ ಗುರುತು ಮೂರು ಕಡೆ ಉಳಿಯುತ್ತದೆ.

ಮೊದಲನೆಯದು ಕಣ್ಣಿನೊಳಗೆ. ಟಾರ್ಚು ಬಿಟ್ಟು ನೋಡಿ. ಬಾಯಿಯ ಕಡೆಯ ಮೂಲೆಯಲ್ಲಿ, ಪಟ್ಟಿಯ ಎರಡು ಮಡಿಕೆ ಕೂಡಿದ ಕಡೆ, ಸಣ್ಣ ಬಿರುಕಿನಂಥ ಗೆರೆ ಕಾಣುತ್ತದೆ. ಕಾರ್ಖಾನೆಯಲ್ಲಿ ಒಂದೇ ತುಂಡಿಗೆ ತೂತು ಹೊಡೆದ ಕೊಡಲಿಯಲ್ಲಿ ಅದು ಇರುವುದಿಲ್ಲ. ಎರಡನೆಯದು ಕೆನ್ನೆಯ ಮೇಲೆ. ಸವೆದ ಮೆದುಕಬ್ಬಿಣದ ಮೈಯಲ್ಲಿ ಹಳೆಯ ತೊಲೆಯ ಎಳೆಗಳ ಹಾಗೆ ಉದ್ದುದ್ದ ಗೆರೆಗಳು ತೆರೆದುಕೊಳ್ಳುತ್ತವೆ. ಆ ಕಬ್ಬಿಣದೊಳಗೆ ಉಳಿದ ಕಿಟ್ಟದ, ಅಂದರೆ ಅದಿರಿನ ಕಸದ, ನಾರುಗಳೇ ಅವು. ಕಾರ್ಖಾನೆಯ ಉಕ್ಕು ಚುಕ್ಕಿಚುಕ್ಕಿಯಾಗಿ ಗುಳಿ ಬೀಳುತ್ತದೆ, ಎಳೆಯಾಗಿ ಬಿಚ್ಚುವುದಿಲ್ಲ.

ಮೂರನೆಯ ಗುರುತು ಬಾಯಿಯ ಹತ್ತಿರ, ಅದನ್ನು ಕಾಣಲು ಒಂದು ಸಣ್ಣ ಪರೀಕ್ಷೆ ಬೇಕು. ಬಾಯಿಯಿಂದ ಒಳಕ್ಕೆ ಎರಡು ಬೆರಳಗಲದ ಪಟ್ಟಿಯನ್ನು ಮಾತ್ರ, ಯಾವ ಮುದ್ರೆಯೂ ಇಲ್ಲದ ಕಡೆ, ಉಜ್ಜುಕಾಗದದಿಂದ ಬೆಳ್ಳಗೆ ಮಾಡಿ. ಎಣ್ಣೆಯ ಪಸೆ ಹೋಗುವಂತೆ ಸೋಪಿನಿಂದ ತೊಳೆದು ಒರೆಸಿ. ಹತ್ತಿಯಲ್ಲಿ ವಿನೆಗರ್ ಅದ್ದಿ ಹತ್ತು ನಿಮಿಷ ಹಚ್ಚುತ್ತಿರಿ. ಉಕ್ಕು ಕಪ್ಪಾಗುತ್ತದೆ, ಮೆದುಕಬ್ಬಿಣ ಬೂದುಬಣ್ಣದಲ್ಲಿ ಉಳಿಯುತ್ತದೆ. ಇವೆರಡರ ನಡುವೆ ನದಿಯ ದಂಡೆಯಂತೆ ಅಂಕುಡೊಂಕಾದ ಗೆರೆ ಮೂಡುತ್ತದೆ. ಬಾಯಿಯಿಂದ ಆ ಗೆರೆಯವರೆಗಿನ ದೂರವೇ ಉಳಿದಿರುವ ಉಕ್ಕು. ಮುಗಿದ ಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ.

ನನ್ನ ಮೇಜಿನ ಮೇಲಿರುವ ಒಂದು ಕೊಡಲಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಹುನಗುಂದ ತಾಲ್ಲೂಕಿನ ಒಂದು ಮನೆಯಿಂದ ಬಂದದ್ದು. ತೂಕ 840 ಗ್ರಾಂ, ಬಾಯಿ 88 ಮಿಲಿಮೀಟರ್. ವಿನೆಗರ್ ಹಚ್ಚಿದಾಗ ಬಲಗೆನ್ನೆಯ ಕಡೆ ಉಕ್ಕಿನ ಗೆರೆ ಬಾಯಿಯಿಂದ 20 ಮಿಲಿಮೀಟರ್ ಒಳಗೆ, ಎಡಗಡೆ 13 ಮಿಲಿಮೀಟರ್ ಒಳಗೆ ಕಂಡಿತು. ಒಂದೇ ಪಕ್ಕ ಹೆಚ್ಚು ಸಾಣೆ ಹಿಡಿದಿದ್ದಾರೆ. ಬಾಯಿಯ ಕೆಳಮೂಲೆ ಮೇಲ್ಮೂಲೆಗಿಂತ ಹೆಚ್ಚು ಸವೆದಿದೆ. ಉಕ್ಕಿನ ಗೆರೆಯ ಹಿಂದೆಯೇ ಇನ್ನೊಂದು ಮಸುಕಾದ ಗೆರೆ ಇದೆ. ಮೊದಲ ಉಕ್ಕು ಸವೆದು ಮುಗಿದ ಮೇಲೆ ಹೊಸ ಉಕ್ಕು ಹಾಕಿಸಿದ ಗುರುತು ಅದು. ಕಣ್ಣಿನ ಪಕ್ಕ ಉಳಿಯಿಂದ ಹೊಡೆದ ಮೂರು ಚುಕ್ಕೆಗಳಿವೆ. ಅಕ್ಷರ ಒಂದೂ ಇಲ್ಲ. ಆದರೂ ಒಂದು ಮನೆಯವರು ಈ ಕೊಡಲಿಯನ್ನು ಎಸೆಯದೆ ಮತ್ತೆ ಕಂಬಾರನ ಬಳಿಗೆ ಒಯ್ದರು ಎಂಬುದು ಸ್ಪಷ್ಟವಾಗಿ ಬರೆದಿದೆ.

ಇಲ್ಲೊಂದು ಎಚ್ಚರಿಕೆ. ಉಕ್ಕು ತಯಾರಿಸುವ ಬೆಸ್ಸೆಮರ್ ವಿಧಾನ 1856ರಲ್ಲಿ ಬಂದ ನಂತರ ಜಗತ್ತಿನಲ್ಲಿ ಉಕ್ಕು ಅಗ್ಗವಾಯಿತು, ಮೆದುಕಬ್ಬಿಣ ನಿಧಾನವಾಗಿ ಹಿಂದೆ ಸರಿಯಿತು. ಅಂದಮಾತ್ರಕ್ಕೆ ಎಳೆಎಳೆಯಾದ ಕಬ್ಬಿಣ ಕಂಡ ಕೂಡಲೇ 150 ವರ್ಷ ಎನ್ನಬೇಡಿ. ಕಂಬಾರ ಹಳೆಯ ಗಾಡಿಯ ಪಟ್ಟಾ, ಮುರಿದ ಕುಡ ಯಾವುದನ್ನೂ ಬಿಸಾಡುತ್ತಿರಲಿಲ್ಲ. ಕಬ್ಬಿಣದ ವಯಸ್ಸು ಬೇರೆ, ಕೊಡಲಿಯ ವಯಸ್ಸು ಬೇರೆ.

ಹೊಸದರ ಗುರುತುಗಳು ಸುಲಭ. ಕಣ್ಣಿನ ಬುಡದಲ್ಲಿ ಹುಳದಂತೆ ಉಬ್ಬಿದ ವಿದ್ಯುತ್ ವೆಲ್ಡಿಂಗ್ ಸಾಲು ಇದ್ದರೆ, ಪೈಪಿನ ತುಂಡನ್ನು ಲಾರಿಯ ಸ್ಪ್ರಿಂಗ್ ಪಟ್ಟಿಗೆ ಅಂಟಿಸಿದ್ದಾರೆ. ತಲೆಯ ನಡುವೆ ಸುತ್ತಲೂ ಸಣ್ಣ ಏಣು ಓಡಿದ್ದರೆ ಅಚ್ಚಿನಲ್ಲಿ ಒತ್ತಿದ್ದು ಅಥವಾ ಎರಕ ಹೊಯ್ದದ್ದು. ಎರಕದ ಕೊಡಲಿ ಅಲಂಕಾರಕ್ಕೆ ಮಾತ್ರ. ಅದರಿಂದ ಕಟ್ಟಿಗೆ ಒಡೆಯಬೇಡಿ, ಚೂರು ಸಿಡಿದು ನಿಮ್ಮ ಕಣ್ಣಿಗೆ ಬಡಿಯುತ್ತದೆ.

4. ಮುದ್ರೆ ಓದುವುದು

ಮುದ್ರೆ ಕಾಣದಿದ್ದರೆ ಉಜ್ಜಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಕೆನ್ನೆಗೆ ಸಮಾನಾಂತರವಾಗಿ, ಓರೆಯಿಂದ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ನೆರಳಿನಿಂದ ಎದ್ದು ಬರುತ್ತದೆ. ಆಗಲೂ ಕಾಣದಿದ್ದರೆ ಸೀಮೆಸುಣ್ಣದ ಪುಡಿ ಉದುರಿಸಿ ಅಂಗೈಯಿಂದ ಸವರಿ. ಪುಡಿ ತಗ್ಗಿನಲ್ಲಿ ಉಳಿದು ಅಕ್ಷರ ಬೆಳ್ಳಗೆ ಕಾಣುತ್ತದೆ. ಜೋಳದ ಹಿಟ್ಟೂ ಆದೀತು, ಆದರೆ ಅದು ತೇವ ಹಿಡಿಯುವುದರಿಂದ ತಕ್ಷಣ ಒರೆಸಬೇಕು. ನಾನು ಮೊದಮೊದಲು ಕೊಂಡ ಕೊಡಲಿಯೊಂದನ್ನು ಗ್ರೈಂಡರಿಗೆ ಕೊಟ್ಟು ಥಳಥಳ ಹೊಳೆಯುವಂತೆ ಮಾಡಿದೆ. ಹಳೆಯ ಫೋಟೋದಲ್ಲಿ ಮಸುಕಾಗಿ ಕಾಣುತ್ತಿದ್ದ ಎರಡಕ್ಷರ ಇಂದು ಆ ಕೊಡಲಿಯಲ್ಲಿಲ್ಲ. ಅದು ಯಾರ ಹೆಸರಾಗಿತ್ತೋ ಎಂದು ಈಗಲೂ ಮನಸ್ಸು ಚುಚ್ಚುತ್ತದೆ.

ನಮ್ಮ ಕಡೆ ಕಾಣಬಹುದಾದ ಕೆಲವು ಮುದ್ರೆಗಳನ್ನು ಹೇಳುತ್ತೇನೆ. ಮೂರು ಗೆರೆ ಒಂದು ಬಿಂದುವಿನಲ್ಲಿ ಸೇರುವ ಬಾಣದ ಮೊನೆ ಬ್ರಿಟಿಷ್ ಸರ್ಕಾರದ ಆಸ್ತಿಯ ಗುರುತು. ಬೆಳಗಾವಿ ಬ್ರಿಟಿಷರ ಕಾಲದಿಂದಲೂ ದಂಡು ಇರುವ ಊರು, ಆದ್ದರಿಂದ ಇಂಥವು ಸಿಗುವುದು ಆಶ್ಚರ್ಯವಲ್ಲ. ಬಾಣದ ಜೊತೆ ಇಸವಿ ಇದ್ದರೆ ನಿಮ್ಮ ಅದೃಷ್ಟ. ಆದರೆ ಬಾಣ ಕಂಡ ಕೂಡಲೇ ಯುದ್ಧದಲ್ಲಿ ಬಳಸಿದ್ದು ಎನ್ನುವಂತಿಲ್ಲ. ಅದು ಸರ್ಕಾರದ್ದು ಎಂದಷ್ಟೇ ಅರ್ಥ. ಬ್ರೇಡ್ಸ್, ಗಿಲ್ಪಿನ್, ಎಲ್‌ವೆಲ್ ಇವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ಹಳೆಯ ತಯಾರಕರ ಹೆಸರುಗಳು. ಕಾಲಿನ್ಸ್ ಅಮೆರಿಕದ ಕನೆಕ್ಟಿಕಟ್‌ನಲ್ಲಿ 1826ರಲ್ಲಿ ಶುರುವಾದ ಕಂಪನಿ. ಸ್ವೀಡನ್ನಿನ ಹುಲ್ಟ್ಸ್ ಬ್ರುಕ್ 1697ರಷ್ಟು ಹಳೆಯದು. ಇಲ್ಲಿ ಹಲವರು ಎಡವುತ್ತಾರೆ. ಕಂಪನಿ ಹುಟ್ಟಿದ ವರ್ಷ ನಿಮ್ಮ ಕೊಡಲಿ ಹುಟ್ಟಿದ ವರ್ಷವಲ್ಲ. ದೇಶದೊಳಗಿನ ಹಳೆಯ ಹೆಸರೆಂದರೆ ಟಾಟಾ ಕಂಪನಿಯ ಅಗ್ರಿಕೋ.

ಹೆಸರಿಗಿಂತ ಅಂಕಿಗಳು ಹೆಚ್ಚು ನಂಬಿಕಸ್ಥ. 3½ ಎಂಬ ಮುದ್ರೆ ಪೌಂಡಿನ ಲೆಕ್ಕ, ಸುಮಾರು 1.6 ಕಿಲೋ. ನಮ್ಮಲ್ಲಿ ಮೆಟ್ರಿಕ್ ತೂಕ 1958ರಿಂದ ಹಂತಹಂತವಾಗಿ ಜಾರಿಗೆ ಬಂದದ್ದರಿಂದ ಕಿಲೋ ಅಥವಾ ಗ್ರಾಂ ಮುದ್ರೆ ಇರುವ ದೇಶೀ ಕೊಡಲಿ ಅದಕ್ಕೂ ಮೊದಲಿನದಾಗಿರುವ ಸಾಧ್ಯತೆ ತೀರಾ ಕಡಿಮೆ. ಐಎಸ್‌ಐ ಗುರುತಿದ್ದರೆ 1952ರ ಪ್ರಮಾಣೀಕರಣ ಕಾಯ್ದೆಯ ನಂತರದ್ದು. ಕಾಗದದ ಚೀಟಿಯೋ ಡಬ್ಬಿಯೋ ಉಳಿದಿದ್ದರೆ ವಿಳಾಸ ಓದಿ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬೆಳಗಾವಿಯನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿ ಬರೆದಿದ್ದರೆ 1956ರ ಹಿಂದಿನದು, ಮೈಸೂರು ರಾಜ್ಯ ಎಂದಿದ್ದರೆ 1956ರಿಂದ 1973ರ ನಡುವಿನದು.

ಊರಿನ ಕೊಡಲಿಗಳಲ್ಲಿ ಚುಕ್ಕೆ, ಅಡ್ಡಗೆರೆ, ಚಂದ್ರಾಕಾರದ ಉಳಿಗುರುತುಗಳಿರುತ್ತವೆ. ಕೆಲವು ಕಂಬಾರನವು, ಕೆಲವು ಮನೆಯವರವು. ಯಾವುದು ಯಾರದು ಎಂದು ಊಹಿಸಬೇಡಿ. ಚಿತ್ರ ಬರೆದಿಟ್ಟುಕೊಳ್ಳಿ. ಅದೇ ಊರಿನ ಇನ್ನೊಂದು ಮನೆಯಲ್ಲಿ ಅದೇ ಗುರುತು ಕಂಡ ದಿನ ಉತ್ತರ ತಾನಾಗಿ ಸಿಗುತ್ತದೆ.

5. ಕೊಳ್ಳುವ ಮುಂಚೆ ದೋಷ ನೋಡುವುದು

ತಲೆಯನ್ನು ದಾರದಲ್ಲಿ ತೂಗುಬಿಟ್ಟು ಸಣ್ಣ ಕಬ್ಬಿಣದಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ದನಿ ಎಳೆದರೆ ಒಳ್ಳೆಯದು. ಒಡಕು ಮಡಕೆಯ ದನಿ ಬಂದರೆ ಎಲ್ಲೋ ಬಿರುಕಿದೆ ಎಂಬ ಶಂಕೆ ಇಟ್ಟುಕೊಂಡು ಮುಂದಿನ ಪರೀಕ್ಷೆ ಮಾಡಿ. ಕಣ್ಣಿನ ಸುತ್ತ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿನೊಳಗೆ ಇಳಿದ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಕರಿಗೆರೆ ಬರೆಯುತ್ತದೆ. ಕೆನ್ನೆಯಲ್ಲಿ ಬಿರುಕಿರುವ ಕೊಡಲಿಯನ್ನು ನೋಡಲು ಇಟ್ಟುಕೊಳ್ಳಬಹುದು, ಬೀಸಬಾರದು.

ಹದ ಉಳಿದಿದೆಯೇ ಎಂದು ತಿಳಿಯಲು ಬಾಯಿಯ ಮೂಲೆಯಲ್ಲಿ ಅರವನ್ನು ಒಮ್ಮೆ ಎಳೆಯಿರಿ. ಗಾಜಿನ ಮೇಲಿನಂತೆ ಜಾರಿದರೆ ಅತಿ ಗಡಸು, ಅಂಚು ಮುಕ್ಕಾಗಬಹುದು. ಸ್ವಲ್ಪ ಹಿಡಿದು ಸಣ್ಣ ಪುಡಿ ಬಂದರೆ ಸರಿಯಾದ ಹದ. ಬೆಣ್ಣೆಯಂತೆ ಕಚ್ಚಿದರೆ ಹದ ಹೋಗಿದೆ, ಅಥವಾ ಉಕ್ಕೇ ಮುಗಿದಿದೆ. ಹದ ಹೋಗಲು ಸಾಮಾನ್ಯ ಕಾರಣವೆಂದರೆ ಮುರಿದ ಕಾವಿನ ತುಂಡನ್ನು ತೆಗೆಯಲು ತಲೆಯನ್ನೇ ಒಲೆಗೆ ಹಾಕುವುದು. ಎರಡನೆಯದು ಗ್ರೈಂಡರು. ಬಾಯಿ ನೀಲಿಬಣ್ಣಕ್ಕೆ ತಿರುಗಿದೆ ಎಂದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಉಕ್ಕು ಮೆದುವಾಯಿತು ಎಂದು ತಿಳಿಯಿರಿ.

ಬೆನ್ನು ಅಣಬೆಯಂತೆ ಅರಳಿದ್ದರೆ ಅದರ ಮೇಲೆ ಸುತ್ತಿಗೆಯಿಂದ ಬಡಿದಿದ್ದಾರೆ. ಹಾಗೆ ಬಡಿದದ್ದರಿಂದ ಕಣ್ಣು ಸೊಟ್ಟಗಾಗಿದೆಯೇ ನೋಡಿ.

6. ಬೆಲೆ

ನಿಗದಿತ ಮಾರುಕಟ್ಟೆ ಇಲ್ಲ. ಗುಜರಿಯಲ್ಲಿ ತೂಕದ ದರಕ್ಕಿಂತ ಸ್ವಲ್ಪ ಹೆಚ್ಚು ಕೊಡಿ, ಮುಂದಿನ ಸಲ ನಿಮಗಾಗಿ ತೆಗೆದಿಡುತ್ತಾರೆ. ಮನೆಯಿಂದ ಕೊಳ್ಳುವಾಗ ಅವರ ಕೆಲಸ ನಿಲ್ಲದಂತೆ ಕನಿಷ್ಠ ಒಂದು ಒಳ್ಳೆಯ ಹೊಸ ಕೊಡಲಿಯ ಹಣ ಕೊಡುವುದು ನ್ಯಾಯ. ಜಾಲತಾಣಗಳಲ್ಲಿ ವಿದೇಶಿ ಕೊಡಲಿಗಳಿಗೆ ಬರೆದ ಡಾಲರ್ ದರವನ್ನು ರೂಪಾಯಿಗೆ ತಿರುಗಿಸಿ ಕನಸು ಕಾಣಬೇಡಿ. ಅದು ಕೇಳುವ ದರ, ಕೊಟ್ಟ ದರವಲ್ಲ.

7. ತುಕ್ಕು ತೆಗೆಯುವುದು

ಇಷ್ಟೆಲ್ಲ ಓದಿ, ಫೋಟೋ ತೆಗೆದ ಮೇಲೆ ಈಗ ಕೈ ಹಚ್ಚಬಹುದು. ಕೆಂಪುತುಕ್ಕು ಶತ್ರು, ಕಪ್ಪುಪೊರೆ ಮಿತ್ರ. ಮೈಗೆ ಅಂಟಿ ಕುಳಿತ ಆ ನುಣುಪು ಕಪ್ಪು ಕಬ್ಬಿಣವನ್ನು ಕಾಯುತ್ತದೆ, ಅದನ್ನು ಬಿಡಿ.

ತಲೆಯನ್ನು ಒಂದೆರಡು ದಿನ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು ಹಿತ್ತಾಳೆ ಬ್ರಷ್‌ನಿಂದ ಉಜ್ಜಿದರೆ ಬಹುಪಾಲು ಕೊಡಲಿಗಳಿಗೆ ಸಾಕು. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಮಾಡಿ. ಹಳೆಯ ಬಣ್ಣವಿದ್ದರೆ ಒಣಗಿದ್ದಾಗ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು. ಒದ್ದೆಯಾಗಿಯೇ ತೆಗೆಯಿರಿ. ದಪ್ಪ ತುಕ್ಕಿಗೆ ಹುಣಸೆಹಣ್ಣಿನ ಗಟ್ಟಿ ರಸ ಹಚ್ಚಿ ಗಂಟೆಗೊಮ್ಮೆ ನೋಡುತ್ತಿರಿ. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಮಾಡಿದ್ದನ್ನೇ ಇಲ್ಲಿ ಮಾಡುತ್ತಿದ್ದೇವೆ. ವಿನೆಗರ್‌ನಲ್ಲಿ ಮುಳುಗಿಸುವುದಾದರೆ ರಾತ್ರಿಯಿಂದ ಬೆಳಗಿನವರೆಗೆ ಮಾತ್ರ. ದಿನಗಟ್ಟಲೆ ಬಿಟ್ಟರೆ ಅದು ತುಕ್ಕಿನ ಜೊತೆ ಲೋಹವನ್ನೂ, ಮುದ್ರೆಯ ಅಂಚನ್ನೂ ತಿನ್ನುತ್ತದೆ. ಹುಳಿ ಮುಟ್ಟಿಸಿದ ಮೇಲೆ ಸೋಡಾ ನೀರು, ಶುದ್ಧ ನೀರು, ಬಿಸಿಲು, ಎಣ್ಣೆ. ಈ ಕ್ರಮದಲ್ಲಿ ಒಂದನ್ನು ಬಿಟ್ಟರೂ ಸಂಜೆಯೊಳಗೆ ಕಿತ್ತಳೆಬಣ್ಣದ ತುಕ್ಕು ಮತ್ತೆ ಬಂದಿರುತ್ತದೆ.

ಬ್ಯಾಟರಿ ಚಾರ್ಜರ್ ಮತ್ತು ವಾಷಿಂಗ್ ಸೋಡಾ ಬಳಸಿ ವಿದ್ಯುತ್ತಿನಿಂದ ತುಕ್ಕು ಬಿಡಿಸುವ ವಿಧಾನವೂ ಇದೆ. ಅನುಭವವಿದ್ದರೆ ಮಾಡಿ, ಆದರೆ ಎರಡು ಮಾತು ಮರೆಯಬೇಡಿ. ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಏಳುವ ಗುಳ್ಳೆ ಜಲಜನಕ, ಕಿಡಿ ತಾಗಿದರೆ ಸ್ಫೋಟಿಸುತ್ತದೆ.

ಕಣ್ಣಿನ ಸುತ್ತ ಕುಂಕುಮ, ಅರಿಶಿಣದ ಹಳೆಯ ಪದರು ಅಂಟಿದ್ದರೆ ನಾನು ಅದನ್ನು ಉಜ್ಜುವುದಿಲ್ಲ. ಎಷ್ಟೋ ನವಮಿಗಳು ಅದರಲ್ಲಿವೆ.

8. ಕಾವು

ಹಳೆಯ ಕಾವು ಗಟ್ಟಿಯಾಗಿದ್ದರೆ ಬದಲಿಸಬೇಡಿ, ಕೈಬೆವರಿನಿಂದ ನುಣುಪಾದ ಮರ ಮತ್ತೆ ಸಿಗದು. ಮುರಿದ ತುಂಡು ಸಿಕ್ಕಿಕೊಂಡಿದ್ದರೆ ತಲೆಗೆ ಸಮನಾಗಿ ಕೊಯ್ದು, ನಡುವೆ ಡ್ರಿಲ್ಲಿನಿಂದ ತೂತು ಹಾಕಿ, ಕಣ್ಣು ಅಗಲವಾಗಿರುವ ಕಡೆಗೆ ಬಡಿದು ಹೊರಹಾಕಿ. ಬೆಂಕಿಗೆ ಹಾಕಬಾರದೆಂದು ಮತ್ತೊಮ್ಮೆ ಹೇಳುತ್ತೇನೆ. ಹೊಸ ಕಾವಿಗೆ ಚೆನ್ನಾಗಿ ಒಣಗಿದ ಜಾಲಿ ಬಯಲುಸೀಮೆಯ ಆಯ್ಕೆ. ಖಾನಾಪುರದ ಕಾಡಿನ ಕಡೆ ತಡಸಲು ಮರದ ಹೆಸರು ಹೇಳುತ್ತಾರೆ. ಬಾಗುವ, ಮುರಿಯದ ಮರ ಅದು. ತೇಗ ಬೇಡ, ಪೆಟ್ಟಿಗೆ ಸೀಳುತ್ತದೆ. ಮರದ ಎಳೆ ತುದಿಯಿಂದ ತುದಿಗೆ ಓಡುವಂತೆ, ವರ್ಷದ ಉಂಗುರಗಳು ಬಾಯಿಗೆ ಸಮಾನಾಂತರವಾಗಿ ಇರುವಂತೆ ಬಡಿಗರಿಗೆ ಹೇಳಿ ಮಾಡಿಸಿ.

ವಿಜಯಪುರದ ಬೇಸಿಗೆಯಲ್ಲಿ ಮರ ಒಣಗಿ ತಲೆ ಸಡಿಲವಾಗುತ್ತದೆ. ಆಗ ಕೊಡಲಿಯನ್ನು ಬಕೆಟ್ ನೀರಿನಲ್ಲಿ ಇಡುವ ರೂಢಿ ಇದೆ. ಉಬ್ಬಿದ ಮರ ಕಣ್ಣಿನ ಗೋಡೆಗೆ ಒತ್ತಿ ನಜ್ಜುಗುಜ್ಜಾಗಿ, ಒಣಗಿದಾಗ ಮೊದಲಿಗಿಂತ ಸಡಿಲವಾಗುತ್ತದೆ. ನೀರಿನ ಬದಲು ಬೆಣೆ ಬಡಿಯಿರಿ, ಕಾವಿಗೆ ಅಗಸೆ ಎಣ್ಣೆ ಕುಡಿಸಿ. ಕುಸುಬೆ ಎಣ್ಣೆಯೂ ಆಗುತ್ತದೆ, ಒಣಗಲು ಹೆಚ್ಚು ದಿನ ಬೇಕು ಅಷ್ಟೇ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಬಿಡಿಸಿ ಒಣಹಾಕಿ.

9. ಇಡುವುದು ಮತ್ತು ಬರೆದಿಡುವುದು

ತಲೆಗೆ ತೆಳುವಾಗಿ ಮಶಿನ್ ಎಣ್ಣೆ ಅಥವಾ ಜೇನುಮೇಣ ಹಚ್ಚಿ. ಗೋಣಿಚೀಲ, ಚರ್ಮದ ಚೀಲದಲ್ಲಿ ತುಂಬಿಡಬೇಡಿ, ಎರಡೂ ತೇವ ಹಿಡಿಯುತ್ತವೆ. ಮಕ್ಕಳಿರುವ ಮನೆಯಲ್ಲಿ ಬಾಯಿಗೆ ದಪ್ಪ ರಟ್ಟಿನ ಮುಸುಕು ಹಾಕಿ, ಕೈಗೆಟುಕದ ಎತ್ತರದಲ್ಲಿಡಿ. ಬಸ್ಸಿನಲ್ಲಿ ತರುವಾಗಲೂ ಬಾಯಿ ಸುತ್ತಿ, ತಲೆ ಕಾವು ಬೇರೆ ಮಾಡಿ ತನ್ನಿ.

ಸಂಖ್ಯೆಯನ್ನು ಕೊಡಲಿಯ ಮೇಲೆ ಬಣ್ಣದಲ್ಲಿ ಬರೆಯಬೇಡಿ, ದಾರಕ್ಕೆ ಚೀಟಿ ಕಟ್ಟಿ. ನೋಟುಬುಕ್ಕಿನಲ್ಲಿ ಅದೇ ಸಂಖ್ಯೆಯ ಮುಂದೆ ಸಿಕ್ಕ ಊರು, ದಿನ, ಕೊಟ್ಟವರ ಮನೆತನ, ಬಡಿದ ಕಂಬಾರರ ಊರು, ಯಾವ ಕೆಲಸಕ್ಕೆ ಬಳಸಿದರು, ತೂಕ, ಬಾಯಿಯ ಅಳತೆ, ಕಣ್ಣಿನ ಆಕಾರ, ಉಳಿಗುರುತಿನ ಚಿತ್ರ ಬರೆಯಿರಿ. ಆಯದ ಕಾಲದಲ್ಲಿ, ಅಂದರೆ ಸುಗ್ಗಿಯಲ್ಲಿ ಕಾಳು ಅಳೆದುಕೊಟ್ಟು ಕಂಬಾರರ ವರ್ಷದ ದುಡಿಮೆಗೆ ಪ್ರತಿಫಲ ಕೊಡುತ್ತಿದ್ದ ಕಾಲದಲ್ಲಿ, ಇದಕ್ಕೆ ಎಷ್ಟು ಜೋಳ ಹೋಯಿತು ಎಂದು ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಅದನ್ನೂ ಬರೆಯಿರಿ. ಭಾಗಗಳಿಗೆ ಅವರು ಬಳಸುವ ಶಬ್ದ ನಾನು ಮೇಲೆ ಕೊಟ್ಟದ್ದಕ್ಕಿಂತ ಬೇರೆ ಇದ್ದರೆ ಅವರದ್ದನ್ನೇ ಬರೆದುಕೊಳ್ಳಿ.

ಈ ಬರಹವನ್ನು ಅದೇ ದಿನ, ಕೊಟ್ಟವರ ಜಗಲಿಯ ಮೇಲೆ ಕೂತಿರುವಾಗಲೇ ಮಾಡಿ, ಅವರಿಗೆ ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಕೊಡಲಿಯನ್ನು ಚೀಲಕ್ಕೆ ಹಾಕುವುದು ಆಮೇಲೆ.